ಬಾಗಿದ ಗೆರೆ: ಅಷ್ಟು ತಣ್ಣಗಿರುವ ಪರಮಾಣುಗಳು ಬಲೆಯಿಂದ ಯಾಕೆ ಕಾಣೆಯಾಗುತ್ತವೆ?

ಅಕ್ಕನ ಮಗಳು ಪುಣೆಯಲ್ಲೇ ಪಿಎಚ್‌ಡಿ ಮಾಡುತ್ತಿದ್ದಾಳೆ. ಭಾನುವಾರ ನಮ್ಮ ಮನೆಗೆ ರೊಟ್ಟಿ ಊಟಕ್ಕೆ ಬರುತ್ತಾಳೆ. ಹೋದ ತಿಂಗಳು ಬಂದವಳು ಕೈ ತೊಳೆಯುವ ಮೊದಲೇ ಮೊಬೈಲ್ ತೆಗೆದು ಒಂದು ಗ್ರಾಫ್ ತೋರಿಸಿದಳು. "ಮಾಮಾ, ಇದು ನೆಟ್ಟಗ ಬರಬೇಕಿತ್ತು. ನೋಡ್ರಿ, ಶುರುವಿನಾಗ ಹೆಂಗ ಬಾಗೇತಿ" ಅಂದಳು.

ನಾನು ಎಂಎಸ್ಸಿ ಫಿಸಿಕ್ಸ್ ಮುಗಿಸಿ ಭೋಸರಿಯಲ್ಲಿ ವ್ಯಾಕ್ಯೂಮ್ ಪಂಪ್ ಕೆಲಸಕ್ಕೆ ಸೇರಿದವನು. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಹಾಗಾಗಿ ನನ್ನ ಬಾಯಿಗೆ ಮೊದಲು ಬಂದ ಮಾತು "ಎಲ್ಲೋ ಲೀಕ್ ಇರಬೇಕು". ಅವಳು ತಲೆ ಅಲ್ಲಾಡಿಸಿದಳು. ಲೀಕ್ ಇದ್ದರೆ ಗೆರೆ ಬೇಗ ಇಳಿಯುತ್ತದೆ, ಆದರೆ ನೆಟ್ಟಗೇ ಇಳಿಯುತ್ತದೆ. ಇದು ಬಾಗಿದೆ. ಅವಳು ಹೇಳಿದ್ದು ಸರಿ. ಆ ಬಾಗಿನ ಒಳಗೆ ಏನಿದೆ ಅಂತ ಅವತ್ತಿನಿಂದ ಓದುತ್ತಾ, ಅವಳ ಹತ್ತಿರ ಕೇಳುತ್ತಾ ಬಂದಿದ್ದೇನೆ. ನಮ್ಮ ದೇಶದಲ್ಲಿ ಈಗ ಕ್ವಾಂಟಮ್ ಅಂತ ಎಲ್ಲರೂ ಮಾತಾಡುತ್ತಿದ್ದಾರೆ. ಆದರೆ ಈ ನಷ್ಟದ ಲೆಕ್ಕದ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಇದು.

ಮೊದಲು ಗ್ರಾಫ್ ಏನು ಅಂತ ನೋಡೋಣ. ಗಾಳಿಯನ್ನೆಲ್ಲ ಹೊರಗೆ ಎಳೆದ ಒಂದು ಉಕ್ಕಿನ ಡಬ್ಬಿ. ಅದರೊಳಗೆ ಆರು ಕಡೆಯಿಂದ ಲೇಸರ್ ಬೆಳಕು, ಹೊರಗೆ ಎರಡು ಕಾಯಿಲ್. ನಡುವೆ ರುಬಿಡಿಯಂ ಪರಮಾಣುಗಳ ಒಂದು ಸಣ್ಣ ಮೋಡ ನಿಲ್ಲುತ್ತದೆ. ಇದೇ ಬಲೆ. 1987ರಲ್ಲಿ ಮೊದಲ ಸಲ ಇಂಥದ್ದು ಮಾಡಿ ತೋರಿಸಿದರು, ಆಗ ಸೋಡಿಯಂ ಬಳಸಿದ್ದರು. ಮೋಡ ಹೊಳೆಯುತ್ತದೆ, ಹೊಳಪು ಅಳೆದರೆ ಎಷ್ಟು ಪರಮಾಣು ಇವೆ ಅಂತ ಗೊತ್ತಾಗುತ್ತದೆ. ಹೊಸದಾಗಿ ತುಂಬುವುದನ್ನು ನಿಲ್ಲಿಸಿ ಸುಮ್ನೆ ನೋಡುತ್ತಾ ಕೂತರೆ ಹೊಳಪು ನಿಧಾನಕ್ಕೆ ಇಳಿಯುತ್ತದೆ. ಆ ಇಳಿತವನ್ನು ಲಾಗ್ ಅಳತೆಯಲ್ಲಿ (ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು) ಗೆರೆ ಎಳೆದದ್ದೇ ಅವಳ ಗ್ರಾಫ್.

ಡಬ್ಬಿಯಲ್ಲಿ ಉಳಿದುಕೊಂಡ ಚೂರುಪಾರು ಗಾಳಿಯ ಅಣುಗಳು ಕೋಣೆಯ ಬಿಸಿಯಲ್ಲೇ ಓಡಾಡುತ್ತಿರುತ್ತವೆ. ಅವು ಬಂದು ಹೊಡೆದರೆ ತಣ್ಣನೆಯ ಪರಮಾಣು ಬಲೆಯಿಂದ ಹಾರಿಹೋಗುತ್ತದೆ. ಇಲ್ಲಿ ಪ್ರತಿ ಪರಮಾಣುವಿನ ಪಾಡು ಅದರದ್ದೇ. ಪಕ್ಕದಲ್ಲಿ ಸಾವಿರ ಇದ್ದರೂ ಒಂದೇ, ಹತ್ತು ಇದ್ದರೂ ಒಂದೇ. ಸೆಕೆಂಡಿಗೆ ಇಂತಿಷ್ಟು ಪಾಲು ಅಂತ ಹೋಗುತ್ತಿರುತ್ತವೆ, ಗೆರೆ ನೆಟ್ಟಗೆ ಬರುತ್ತದೆ. ಆದರೆ ಬಲೆಯೊಳಗಿನ ಪರಮಾಣುಗಳೇ ಒಂದಕ್ಕೊಂದು ಡಿಕ್ಕಿ ಹೊಡೆದು ಜೋಡಿಯಾಗಿ ಹೋಗುತ್ತಿದ್ದರೆ ಲೆಕ್ಕ ಬೇರೆ. ಜಾತ್ರೆಯಲ್ಲಿ ಜನ ಎರಡರಷ್ಟಾದರೆ ಒಬ್ಬೊಬ್ಬನಿಗೆ ತಗಲುವ ಭುಜ ಎರಡರಷ್ಟು, ಒಟ್ಟು ತಳ್ಳಾಟ ನಾಲ್ಕರಷ್ಟು, ಅಲ್ವಾ? ಹಾಗೇ ಇಲ್ಲೂ. ಮೋಡ ದಟ್ಟವಾಗಿರುವಾಗ ಬೇಗ ಬೇಗ ಖಾಲಿಯಾಗುತ್ತದೆ, ತೆಳುವಾದ ಮೇಲೆ ಗಾಳಿಯ ಹೊಡೆತ ಮಾತ್ರ ಉಳಿದು ಗೆರೆ ನೆಟ್ಟಗಾಗುತ್ತದೆ. ಶುರುವಿನ ಬಾಗು ಅಂದರೆ ಪರಮಾಣುಗಳು ತಮ್ಮತಮ್ಮಲ್ಲೇ ಹೊಡೆದುಕೊಳ್ಳುತ್ತಿವೆ ಅಂತ.

ಈಗ ನನ್ನನ್ನು ಕಾಡಿದ ಪ್ರಶ್ನೆ. ಇವು ಅತಿ ತಣ್ಣಗಿನ ಪರಮಾಣುಗಳು. ಕೋಣೆಯ ಬಿಸಿಯಲ್ಲಿ ರುಬಿಡಿಯಂ ಪರಮಾಣು ಸೆಕೆಂಡಿಗೆ ಸುಮಾರು 300 ಮೀಟರ್ ಓಡುತ್ತದೆ. ಕೆಲ್ವಿನ್‌ನ ಹತ್ತು ಸಾವಿರದಲ್ಲೊಂದು ಭಾಗಕ್ಕೆ ಇಳಿಸಿದರೆ ಅದು ಸೆಕೆಂಡಿಗೆ 17 ಸೆಂಟಿಮೀಟರ್. ಅಂಬೆಗಾಲಿಡುವ ಮಗುವಿನ ವೇಗ. ಮೇಲಾಗಿ ಈ ಮೋಡ ನಾವು ಉಸಿರಾಡುವ ಗಾಳಿಗಿಂತ ಕೋಟಿಗಟ್ಟಲೆ ಪಟ್ಟು ತೆಳು. ಇಷ್ಟು ಮೆಲ್ಲಗೆ, ಇಷ್ಟು ದೂರ ದೂರ ಇರುವ ಪರಮಾಣುಗಳು ಡಿಕ್ಕಿ ಹೊಡೆದರೂ ಏನಾಗಬೇಕು?

ಏನಾಗುತ್ತದೆ ಅಂದರೆ, ತಂಪು ಅನ್ನುವುದು ಓಟದ ಲೆಕ್ಕ ಮಾತ್ರ. ಒಳಗೆ ಏನು ತುಂಬಿಕೊಂಡಿದೆ ಅನ್ನುವುದನ್ನು ಅದು ಹೇಳುವುದಿಲ್ಲ. ಪಟಾಕಿ ಮೂಟೆ ಹೇರಿಕೊಂಡ ಎರಡು ಎತ್ತಿನ ಗಾಡಿಗಳು ಓಣಿಯಲ್ಲಿ ಎದುರುಬದುರು ಬರುವುದನ್ನು ನೆನೆಸಿಕೊಳ್ಳಿ. ಗಾಡಿ ಮೆಲ್ಲಗೇ ಹೋಗುತ್ತಿದೆ. ಅಪಾಯ ಇರುವುದು ಗಾಡಿಯ ವೇಗದಲ್ಲಲ್ಲ, ಮೂಟೆಯಲ್ಲಿ. ಪರಮಾಣುವಿನ ಎಲೆಕ್ಟ್ರಾನ್ ಬೆಳಕು ನುಂಗಿ ಮೇಲಿನ ಮೆಟ್ಟಿಲು ಹತ್ತಿ ಕೂತಾಗ ಅದನ್ನು ಉತ್ತೇಜಿತ ಸ್ಥಿತಿ ಅನ್ನುತ್ತಾರೆ. ಆ ಮೆಟ್ಟಿಲಿನ ಎತ್ತರವೇ ಮೂಟೆ. ರುಬಿಡಿಯಂ 780 ನ್ಯಾನೋಮೀಟರ್ ಬೆಳಕು ನುಂಗಿದಾಗ ಒಳಗೆ ಸೇರಿದ ಶಕ್ತಿಯನ್ನು ತಾಪಮಾನದ ಲೆಕ್ಕಕ್ಕೆ ತಿರುಗಿಸಿದರೆ 18,000 ಕೆಲ್ವಿನ್ ದಾಟುತ್ತದೆ. ಬಲೆಯ ಆಳ, ಅಂದರೆ ಅದು ತಡೆದು ಹಿಡಿಯಬಲ್ಲ ಓಟದ ಶಕ್ತಿ, ಹೆಚ್ಚೆಂದರೆ 1 ಕೆಲ್ವಿನ್ ಆಸುಪಾಸು. ಆ ಶಕ್ತಿಯ ಒಂದು ಚೂರು ಓಟವಾಗಿ ಬದಲಾದರೂ ಸಾಕು, ಎರಡೂ ಪರಮಾಣು ಹೊರಗೆ.

ಅಕ್ಕನ ಮಗಳ ಬಲೆಯಲ್ಲಿ ಆಗುತ್ತಿರುವುದು ಇದೇ. ಬಲೆ ಕಟ್ಟಿರುವುದೇ ಬೆಳಕಿನಿಂದ, ಹಾಗಾಗಿ ಯಾವಾಗಲೂ ಒಂದಷ್ಟು ಪರಮಾಣು ಮೇಲಿನ ಮೆಟ್ಟಿಲಲ್ಲಿ ಇದ್ದೇ ಇರುತ್ತವೆ. ಕೆಳಗಿರುವ ಎರಡು ಪರಮಾಣುಗಳಿಗೆ ಒಂದರ ಇರವು ಇನ್ನೊಂದಕ್ಕೆ ತೀರಾ ಹತ್ತಿರ ಬಂದಾಗ ಮಾತ್ರ ಗೊತ್ತಾಗುತ್ತದೆ. ಒಂದು ಮೇಲೆ ಹತ್ತಿದ್ದರೆ ಹಾಗಲ್ಲ, ತುಂಬಾ ದೂರದಿಂದಲೇ ಎಳೆಯಲು ಶುರುಮಾಡುತ್ತವೆ. ಮೇಲಿನ ಸ್ಥಿತಿ ಉಳಿಯುವುದು 26 ನ್ಯಾನೋಸೆಕೆಂಡ್ ಮಾತ್ರ, ಅಂದರೆ ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ 26. ಆದರೆ ಅಷ್ಟರಲ್ಲೇ ಎಳೆತಕ್ಕೆ ಸಿಕ್ಕಿ ವೇಗ ಹಿಡಿದ ಜೋಡಿಗಳು ಇರುತ್ತವೆ. ಹತ್ತಿರ ಬಂದ ಮೇಲೆ ಎರಡು ದಾರಿ. ಒಂದು, ಬೆಳಕನ್ನು ಬಿಟ್ಟು ಕೆಳಗಿಳಿಯುವುದು. ಬಿಟ್ಟ ಬೆಳಕು ನುಂಗಿದ್ದಕ್ಕಿಂತ ಸ್ವಲ್ಪ ಕಮ್ಮಿ ಶಕ್ತಿಯದ್ದು, ಉಳಿದದ್ದು ಓಟಕ್ಕೆ ಸೇರುತ್ತದೆ. ಇನ್ನೊಂದು, ಪಕ್ಕದ ಸ್ವಲ್ಪ ಕೆಳಗಿನ ಮೆಟ್ಟಿಲಿಗೆ ಜಾರುವುದು. ರುಬಿಡಿಯಂನಲ್ಲಿ ಆ ಎರಡು ಮೆಟ್ಟಿಲುಗಳ ನಡುವಿನ ಅಂತರವೇ 340 ಕೆಲ್ವಿನ್ ಚಿಲ್ಲರೆ. ಜೋಡಿ ಅದನ್ನು ಹಂಚಿಕೊಂಡು ಎರಡು ದಿಕ್ಕಿಗೆ ಹಾರುತ್ತದೆ.

1989ರಲ್ಲೇ ಅಮೆರಿಕದ ಬೋಲ್ಡರ್‌ನ ಜಿಲಾ ಪ್ರಯೋಗಾಲಯದವರು ಈ ನಷ್ಟವನ್ನು ಅಳೆದು, ಲೇಸರ್‌ನ ಹೊಳಪು ಬದಲಾದಂತೆ ಅದು ಹೇಗೆ ಬದಲಾಗುತ್ತದೆ ಅಂತ ತೋರಿಸಿದ್ದರು. 1993ರಲ್ಲಿ ಅಮೆರಿಕದ ಎಂಐಟಿಯ ವಿಜ್ಞಾನಿ ಕೆಟರ್ಲೆ ಮತ್ತು ಜೊತೆಗಾರರು ಒಂದು ಸರಳ ಉಪಾಯ ಮಾಡಿದರು: ಒಂದು ಲೇಸರಿನ ನಡುವೆ ಕಪ್ಪು ಚುಕ್ಕೆ ಇಟ್ಟರು. ಮೋಡದ ನಡುವಿನ ಪರಮಾಣುಗಳು ಬಲೆಯ ಬೆಳಕು ತಾಗದ ಇನ್ನೊಂದು ಕೆಳಸ್ಥಿತಿಯಲ್ಲಿ ಹೆಚ್ಚು ಹೊತ್ತು ಉಳಿದವು, ಮೇಲೆ ಹತ್ತುವುದು ಕಮ್ಮಿಯಾಯಿತು, ಮೋಡ ಹಿಂದೆಂದೂ ಇಲ್ಲದಷ್ಟು ದಟ್ಟವಾಯಿತು. 1995ರಲ್ಲಿ ಬೋಸ್–ಐನ್‌ಸ್ಟೈನ್ ಸಾಂದ್ರತೆ (ಅತಿ ತಂಪಿನಲ್ಲಿ ಪರಮಾಣುಗಳೆಲ್ಲ ಒಂದೇ ಕ್ವಾಂಟಮ್ ಸ್ಥಿತಿಗೆ ಬಂದು ಕೂರುವುದು) ಕೈಗೆ ಸಿಕ್ಕಿದ್ದು, 2001ರಲ್ಲಿ ಅದಕ್ಕೆ ನೊಬೆಲ್ ಬಂದದ್ದು ಎಲ್ಲರಿಗೂ ಗೊತ್ತು. ಅದರ ಹಿಂದೆ ಈ ಕಪ್ಪು ಚುಕ್ಕೆಯಂಥ ಕೆಲಸಗಳು ಇದ್ದವು, ಅವುಗಳ ಹೆಸರು ಯಾರೂ ಹೇಳುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಹೀಲಿಯಂನದ್ದು. ನಾವು ಲೀಕ್ ಹುಡುಕಲು ದಿನಾ ಬಳಸುವ ಅದೇ ಹೀಲಿಯಂ. ಅದರ ಕೆಳಗಿನ ಮೆಟ್ಟಿಲಿನಿಂದ ಲೇಸರ್ ತಂಪು ಮಾಡಲು ಬೇಕಾದ ಬಣ್ಣದ ಬೆಳಕು ಸಿಗುವುದು ಬಹಳ ಕಷ್ಟ. ಹಾಗಾಗಿ ಮೊದಲು ವಿದ್ಯುತ್ ಹರಿಸಿ ಒಂದು ಮೇಲಿನ ಮೆಟ್ಟಿಲಿಗೆ ಹತ್ತಿಸುತ್ತಾರೆ. ಅಲ್ಲಿಂದ ಇಳಿಯಲು ಅದಕ್ಕೆ ಸುಲಭದ ದಾರಿ ಇಲ್ಲ, ಒಂಟಿಯಾಗಿ ಬಿಟ್ಟರೆ ಎರಡು ಗಂಟೆಗೂ ಜಾಸ್ತಿ ಹಾಗೇ ಕೂತಿರುತ್ತದೆ. ಆದರೆ ಹೊತ್ತುಕೊಂಡಿರುವ ಮೂಟೆ 19.8 ಎಲೆಕ್ಟ್ರಾನ್ ವೋಲ್ಟ್. ತಾಪಮಾನದ ಲೆಕ್ಕದಲ್ಲಿ ಸುಮಾರು 2.3 ಲಕ್ಷ ಕೆಲ್ವಿನ್. ಓಟದ ತಾಪ ಮೈಕ್ರೋಕೆಲ್ವಿನ್‌ನಲ್ಲಿ, ಒಳಗಿನ ಮೂಟೆ ಲಕ್ಷ ಕೆಲ್ವಿನ್‌ನಲ್ಲಿ. ಇಂಥ ಎರಡು ತಾಗಿದರೆ ಒಂದು ಕೆಳಗಿಳಿಯುತ್ತದೆ, ಆ ಶಕ್ತಿಯಿಂದ ಇನ್ನೊಂದರ ಎಲೆಕ್ಟ್ರಾನ್ ಕಿತ್ತು ಹೊರಬರುತ್ತದೆ. ಇದಕ್ಕೆ ಪೆನ್ನಿಂಗ್ ಅಯಾನೀಕರಣ ಅಂತ ಹೆಸರು. ಒಂದು ಘನ ಸೆಂಟಿಮೀಟರಿಗೆ ಲಕ್ಷ ಕೋಟಿ ಪರಮಾಣು ಇರುವಷ್ಟು ದಟ್ಟ ಮಾಡಿದರೆ ಇಡೀ ಮೋಡ ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಕರಗಿಹೋಗಬೇಕು.

ಹಾಗಾದರೆ 2001ರಲ್ಲಿ ಫ್ರಾನ್ಸಿನ ಎರಡು ಪ್ರಯೋಗಾಲಯಗಳು, ಓರ್ಸೆಯಲ್ಲಿ ಒಂದು ಮತ್ತು ಪ್ಯಾರಿಸ್ಸಿನಲ್ಲಿ ಇನ್ನೊಂದು, ಇದೇ ಹೀಲಿಯಂನಿಂದ ಬೋಸ್–ಐನ್‌ಸ್ಟೈನ್ ಸಾಂದ್ರತೆ ಮಾಡಿದ್ದು ಹೇಗೆ? ಸ್ಪಿನ್ ಕಾಪಾಡಿತು, ಅಂದರೆ ಪರಮಾಣುವಿಗೆ ಹುಟ್ಟಾ ಇರುವ ಗಿರಕಿಯಂಥ ಒಂದು ಗುಣ. ಈ ಮೇಲಿನ ಮೆಟ್ಟಿಲಲ್ಲಿ ಒಂದು ಹೀಲಿಯಂ ಪರಮಾಣುವಿನ ಸ್ಪಿನ್ 1. ಎಲ್ಲ ಪರಮಾಣುಗಳ ಸ್ಪಿನ್ ಒಂದೇ ದಿಕ್ಕಿಗೆ ತಿರುಗಿಸಿಟ್ಟರೆ ಡಿಕ್ಕಿಯಾಗುವ ಜೋಡಿಯ ಒಟ್ಟು ಸ್ಪಿನ್ 2. ಸಿಡಿದ ಮೇಲೆ ಏನೇನು ಉಳಿಯಬೇಕು? ಒಂದು ಸಾದಾ ಹೀಲಿಯಂ, ಅದರ ಸ್ಪಿನ್ 0. ಒಂದು ಅಯಾನು (ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂ), ಅರ್ಧ. ಒಂದು ಎಲೆಕ್ಟ್ರಾನ್, ಅರ್ಧ. ಹೇಗೆ ಕೂಡಿದರೂ 1ರ ಮೇಲೆ ಹೋಗುವುದಿಲ್ಲ. 2 ಇದ್ದದ್ದು 1 ಆಗಲು ಪ್ರಕೃತಿ ಬಿಡುವುದಿಲ್ಲ, ಹಾಗಾಗಿ ಪಟಾಕಿ ಸಿಡಿಯುವುದಿಲ್ಲ. ಪೂರ್ತಿ ನಿಲ್ಲುವುದಿಲ್ಲ, ಆದರೆ ನಷ್ಟ ಹತ್ತು ಸಾವಿರ ಪಟ್ಟು ಮತ್ತು ಅದಕ್ಕೂ ಮೀರಿ ಇಳಿಯುತ್ತದೆ. ಸೆಕೆಂಡಿನ ನೂರನೇ ಭಾಗ ಇದ್ದದ್ದು ನೂರು ಸೆಕೆಂಡಿನ ಲೆಕ್ಕಕ್ಕೆ ಬರುತ್ತದೆ. ಆಷಾಢದಲ್ಲಿ ಪಂಢರಪುರದ ಪಾಲಖಿ ಪುಣೆ ದಾಟುವಾಗ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಷ್ಟೊಂದು ಜನ, ಆದರೂ ದಿಂಡಿಯಲ್ಲಿ ಎಲ್ಲರ ಮುಖ ಒಂದೇ ಕಡೆ, ಹೆಜ್ಜೆ ಒಂದೇ ತಾಳಕ್ಕೆ. ತಳ್ಳಾಟ ಶುರುವಾಗುವುದು ಯಾರಾದರೂ ಅಡ್ಡ ತಿರುಗಿದಾಗ.

ಇನ್ನೂ ಒಂದು ಇದೆ. ಉಳಿದ ಆ ಚೂರು ನಷ್ಟ ವ್ಯರ್ಥವಲ್ಲ. ಹುಟ್ಟಿದ ಅಯಾನುಗಳನ್ನು ಎಣಿಸುತ್ತಾ ಕೂತರೆ ಮೋಡ ಎಷ್ಟು ದಟ್ಟವಾಗಿದೆ ಅಂತ ಅದನ್ನು ಮುಟ್ಟದೇ ತಿಳಿಯಬಹುದು. ಮೂಟೆ ಹೊತ್ತ ಒಂದೊಂದು ಪರಮಾಣು ಡಿಟೆಕ್ಟರಿನ ತಟ್ಟೆಗೆ ಬಡಿದಾಗ ಎಲೆಕ್ಟ್ರಾನ್ ಎಬ್ಬಿಸುತ್ತದೆ, ಹಾಗಾಗಿ ಬಿಡಿ ಬಿಡಿಯಾಗಿ ಎಣಿಸಬಹುದು. ಓರ್ಸೆಯವರು 2005ರಲ್ಲಿ ಹೀಗೆ ಎಣಿಸಿಯೇ ಬೋಸಾನ್ ಪರಮಾಣುಗಳು (ಒಂದೇ ಸ್ಥಿತಿಯಲ್ಲಿ ಎಷ್ಟು ಬೇಕಾದರೂ ಸೇರಬಲ್ಲ ಜಾತಿ) ಗುಂಪುಗುಂಪಾಗಿ ಬರುತ್ತವೆ ಅಂತ ತೋರಿಸಿದರು.

ಈಗ ಇದು ಇವತ್ತಿನ ವಿಷಯ ಯಾಕೆ ಅನ್ನುವುದಕ್ಕೆ ಬರುತ್ತೇನೆ. ಸೆಕೆಂಡು ಅಂದರೆ ಎಷ್ಟು ಅಂತ 1967ರಿಂದ ಸೀಸಿಯಂ ಹೇಳುತ್ತಿದೆ, 9,19,26,31,770 ಕಂಪನ. ಇದನ್ನು ಬದಲಿಸಿ ಬೆಳಕಿನ ಕಂಪನದ ಮೇಲೆ ಹೊಸ ವ್ಯಾಖ್ಯೆ ಕೊಡಬೇಕು ಅಂತ ಜಗತ್ತಿನ ಅಳತೆಯ ಸಂಸ್ಥೆಗಳು 2030ರ ಮಹಾಸಭೆಯ ಕಡೆ ಕಣ್ಣಿಟ್ಟು ಕೆಲಸ ಮಾಡುತ್ತಿವೆ. ಮುಂದಿರುವ ಪರಮಾಣುಗಳಲ್ಲಿ ಒಂದು ಸ್ಟ್ರಾನ್ಷಿಯಂ, ಸೆಕೆಂಡಿಗೆ 429 ಲಕ್ಷ ಕೋಟಿ ಕಂಪನ. ಇಲ್ಲಿ ಬೇಕಾಗಿರುವುದೇ ನೂರು ಸೆಕೆಂಡಿಗಿಂತ ಹೆಚ್ಚು ಬಾಳುವ ಒಂದು ಉತ್ತೇಜಿತ ಸ್ಥಿತಿ. ಗಡಿಯಾರ ಓದುವುದು ಅಂದರೆ ಎಷ್ಟು ಪರಮಾಣು ಮೇಲಿವೆ, ಎಷ್ಟು ಕೆಳಗಿವೆ ಅಂತ ಎಣಿಸುವುದು. ಮೇಲಿರುವವು ತಮ್ಮತಮ್ಮಲ್ಲಿ ಡಿಕ್ಕಿ ಹೊಡೆದು ಕಾಣೆಯಾದರೆ ಎಣಿಕೆಯೇ ತಪ್ಪುತ್ತದೆ. ಅಂದರೆ ಗಡಿಯಾರ ಸುಳ್ಳು ಹೇಳುತ್ತದೆ.

ಶುರುವಿನಲ್ಲಿ ಒಂದು ಧೈರ್ಯ ಇತ್ತು. ಸ್ಟ್ರಾನ್ಷಿಯಂ-87 ಫರ್ಮಿಯಾನ್, ಅಂದರೆ ಒಂದೇ ಸ್ಥಿತಿಯಲ್ಲಿ ಎರಡು ಕೂರಲಾರದ ಜಾತಿ. ಒಂದೇ ಥರದ ಎರಡು ಫರ್ಮಿಯಾನ್‌ಗಳು ನೇರವಾಗಿ ಮುಖಾಮುಖಿ ಡಿಕ್ಕಿ ಹೊಡೆಯುವಂತಿಲ್ಲ, ಪೌಲಿ ನಿಯಮ ಬಿಡುವುದಿಲ್ಲ. ಪಕ್ಕದಿಂದ ಸುತ್ತು ಹಾಕಿ ಬರಬೇಕಾದರೆ ಒಂದು ದಿಬ್ಬ ಹತ್ತಬೇಕು, ಇಷ್ಟು ತಣ್ಣಗಿರುವ ಪರಮಾಣುವಿಗೆ ಅಷ್ಟು ಕಸುವಿಲ್ಲ. ಹಾಗಾಗಿ ಡಿಕ್ಕಿಯ ಚಿಂತೆ ಬೇಡ ಅನ್ನಿಸಿತ್ತು. ಆದರೆ 2009ರಲ್ಲಿ ಜಿಲಾದವರು ನೋಡಿದಾಗ ಮೋಡ ದಟ್ಟವಾದಂತೆ ಗಡಿಯಾರದ ಕಂಪನದ ಲೆಕ್ಕ ಸ್ವಲ್ಪ ಆಚೀಚೆ ಸರಿಯುತ್ತಿತ್ತು. 2011ರ ಹೊತ್ತಿಗೆ ಮೇಲಿರುವ ಪರಮಾಣುಗಳು ಜೋಡಿಯಾಗಿ ನಷ್ಟವಾಗುವುದನ್ನೂ ಅಳೆದರು. ದಿಬ್ಬ ಇತ್ತು, ಆದರೆ ಕ್ವಾಂಟಮ್ ಲೋಕದಲ್ಲಿ ದಿಬ್ಬವನ್ನು ಹತ್ತದೇ ತೂರಿ ಬರುವವು ಒಂದಷ್ಟು ಇರುತ್ತವೆ. ಸೆಕೆಂಡಿನ ಹದಿನೆಂಟನೇ ದಶಮಾಂಶ ಸ್ಥಾನದ ಲೆಕ್ಕದಲ್ಲಿ ಆ ಒಂದಷ್ಟೇ ಸಾಕು.

ಇಲ್ಲಿಂದ ಮುಂದೆ ಬಂದ ದಾರಿಗಳು ಚೆನ್ನಾಗಿವೆ. 2017ರಲ್ಲಿ ಬೆಳಕಿನಿಂದಲೇ ಮೂರೂ ದಿಕ್ಕಿಗೆ ಮನೆಗಳನ್ನು ಕಟ್ಟಿ, ಒಂದು ಮನೆಗೆ ಒಂದೇ ಪರಮಾಣು ಕೂರಿಸಿದ ಗಡಿಯಾರ ಬಂತು. ಪಕ್ಕದವರೇ ಇಲ್ಲದಿದ್ದರೆ ಡಿಕ್ಕಿ ಎಲ್ಲಿಂದ? ಆಮೇಲೆ ಇನ್ನೊಂದು ಸಂಗತಿ ಕಂಡುಕೊಂಡರು. ಬೆಳಕಿನ ಮನೆಗಳ ಆಳವನ್ನು ತಕ್ಕಷ್ಟು ಇಟ್ಟರೆ ಒಂದೇ ಮನೆಯೊಳಗಿನ ಡಿಕ್ಕಿ ಕಂಪನವನ್ನು ಒಂದು ಕಡೆ ತಳ್ಳುತ್ತದೆ, ಪಕ್ಕದ ಮನೆಯವರ ಜೊತೆಗಿನ ಡಿಕ್ಕಿ ಇನ್ನೊಂದು ಕಡೆ. ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. 2024ರಲ್ಲಿ ಜಿಲಾ ಗಡಿಯಾರದ ಅನಿಶ್ಚಿತತೆ ದಶಮಾಂಶ ಬಿಂದುವಿನ ಬಳಿಕ 18 ಸೊನ್ನೆ ಇಟ್ಟು ಆಮೇಲೆ 8 ಬರೆಯುವಷ್ಟಕ್ಕೆ ಇಳಿಯಿತು. ಬ್ರಹ್ಮಾಂಡದ ವಯಸ್ಸಾದ 1380 ಕೋಟಿ ವರ್ಷ ಓಡಿದರೂ ಅರ್ಧ ಸೆಕೆಂಡು ತಪ್ಪುವುದಿಲ್ಲ. ಡಿಕ್ಕಿಯನ್ನು ತಾಳ್ಮೆಯಿಂದ ಅಳೆಯದೇ ಇದ್ದಿದ್ದರೆ ಅಲ್ಲಿಗೆ ಹೋಗಲು ಆಗುತ್ತಿರಲಿಲ್ಲ. ನಾನು ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕ್ವಾಂಟಮ್ ಕಂಪ್ಯೂಟರ್ ಕಡೆಯೂ ಇದೇ ಕಥೆ. ಲೇಸರ್ ಚಿಮಟದಲ್ಲಿ ಬಿಡಿ ಪರಮಾಣು ಹಿಡಿಯುವವರಿಗೆ ಡಿಕ್ಕಿ ಗೆಳೆಯನಾಯಿತು. ಒಂದು ಚಿಮಟದಲ್ಲಿ ಎರಡು ಪರಮಾಣು ಬಿದ್ದರೆ ಬೆಳಕು ಅವನ್ನು ಜೋಡಿಯಾಗಿ ಹೊರಗೆ ಹಾಕುತ್ತದೆ. ಉಳಿಯುವುದು ಒಂದು, ಇಲ್ಲಾ ಸೊನ್ನೆ. ಇದನ್ನೂ ಓರ್ಸೆಯಲ್ಲೇ 2001ರಲ್ಲಿ ತೋರಿಸಿದರು. ಹೀಗೆ ಸುಮಾರು ಅರ್ಧದಷ್ಟು ಚಿಮಟಗಳು ತುಂಬುತ್ತವೆ, ಸಿಕ್ಕ ಪರಮಾಣುಗಳನ್ನು ಸರಿಸಿ ಖಾಲಿ ಇಲ್ಲದ ಸಾಲು ಮಾಡುತ್ತಾರೆ. ಕ್ಯಾಲ್‌ಟೆಕ್‌ನವರು 2025ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಹೀಗೆ 6,100 ಸೀಸಿಯಂ ಪರಮಾಣು ಹಿಡಿದಿದ್ದರು. ಆದರೆ ಲೆಕ್ಕ ಮಾಡುವಾಗ ಪರಮಾಣುಗಳನ್ನು ಬಹಳ ಮೇಲಿನ ಮೆಟ್ಟಿಲಿಗೆ, ರಿಡ್ಬರ್ಗ್ ಸ್ಥಿತಿಗೆ, ಹತ್ತಿಸಬೇಕು. ಅಲ್ಲಿಂದ ಹೊತ್ತಿಗೆ ಸರಿಯಾಗಿ ಇಳಿಯದ ಪರಮಾಣುವನ್ನು ಚಿಮಟವೇ ಹೊರದೂಡುತ್ತದೆ. ಅದೇ ವರ್ಷ ಹಾರ್ವರ್ಡ್ ಗುಂಪು 3,000 ಪರಮಾಣುಗಳ ಸಾಲನ್ನು ಎರಡು ಗಂಟೆಗೂ ಹೆಚ್ಚು ಹೊತ್ತು ಓಡಿಸಿತು. ನಷ್ಟ ನಿಂತಿರಲಿಲ್ಲ, ಹೋದದ್ದನ್ನು ಹೋದಂತೆ ತುಂಬುತ್ತಿದ್ದರು.

ನಮ್ಮಲ್ಲಿ ಏನು? ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003.65 ಕೋಟಿ ರೂಪಾಯಿ ಒಪ್ಪಿತು, 2030-31ರ ತನಕ. ಸೆನ್ಸಿಂಗ್ ಮತ್ತು ಅಳತೆಯ ಹಬ್ ಮುಂಬೈನ ಐಐಟಿ ಬಾಂಬೆಗೆ ಬಂದಿದೆ. ಪುಣೆಯ ಪಾಷಾಣ ಬಡಾವಣೆಯಲ್ಲಿರುವ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿ ತಣ್ಣನೆಯ ಪರಮಾಣುಗಳ ಕೆಲಸ ವರ್ಷಗಳಿಂದ ನಡೆದಿದೆ. ಪುಣೆಯದ್ದೇ ಗಣೇಶಖಿಂಡ್‌ನ ಖಗೋಳ ಸಂಶೋಧನಾ ಕೇಂದ್ರ ಅಯುಕಾದಲ್ಲಿ ಒಂದೇ ಒಂದು ಇಟರ್ಬಿಯಂ ಅಯಾನು ಹಿಡಿದು ಗಡಿಯಾರ ಮಾಡುವ ಪ್ರಯತ್ನ ಇದೆ. ಒಂದೇ ಅಯಾನಾದರೆ ಜೊತೆಯವರ ಡಿಕ್ಕಿ ಇಲ್ಲ, ಆದರೆ ಸಿಗುವ ಸಂಕೇತವೂ ಒಂದರದ್ದೇ, ಹಾಗಾಗಿ ತುಂಬಾ ಹೊತ್ತು ಸರಾಸರಿ ತೆಗೆಯಬೇಕು. ಮುಂಬೈ–ಪುಣೆ ನಡುವಿನ ಈ ಪಟ್ಟಿಯಲ್ಲಿ ಇಷ್ಟು ಕೆಲಸ ಇದೆ, ನಮ್ಮ ಕಡೆಯ ಮಕ್ಕಳು ಸಾಕಷ್ಟು ಜನ ಅದರಲ್ಲಿ ಇದ್ದಾರೆ. ಖುಷಿಯ ಮಾತು.

ನನ್ನ ಬೇಸರ ಒಂದೇ. ಸುದ್ದಿಯಾಗುವುದು ಎಷ್ಟು ಕ್ಯೂಬಿಟ್ (ಕ್ವಾಂಟಮ್ ಕಂಪ್ಯೂಟರಿನ ಬಿಟ್), ಎಷ್ಟು ತಂಪು ಅನ್ನುವುದು. ನಷ್ಟದ ದರ ಅಳೆದೆ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಅಳೆಯುವುದು ಸುಲಭವೂ ಅಲ್ಲ. ಎಷ್ಟು ಪರಮಾಣು ಅಂತ ಹೇಳಬಹುದು, ಆದರೆ ನಷ್ಟ ನಿಂತಿರುವುದು ದಟ್ಟಣೆಯ ಮೇಲೆ. ಮೋಡದ ಅಗಲದಲ್ಲಿ ನೂರಕ್ಕೆ 10ರಷ್ಟು ತಪ್ಪಾದರೆ ಮೂರು ದಿಕ್ಕು ಸೇರಿ ಘನ ಅಳತೆಯಲ್ಲಿ 30ರಷ್ಟು ತಪ್ಪು. ಕ್ಯಾಮೆರಾದ ಫೋಕಸ್, ಲೇಸರಿನ ಹೊಳಪು, ಕಾಯಿಲ್‌ನ ಕರೆಂಟು ಎಲ್ಲವನ್ನೂ ಮತ್ತೆ ಮತ್ತೆ ನೋಡಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ, ಕೊನೆಗೆ ಸಿಗುವುದು ಒಂದು ಸಂಖ್ಯೆ, ಅದರ ಪಕ್ಕ ಒಂದು ಪ್ಲಸ್-ಮೈನಸ್. ಮಿಷನ್‌ನ ದುಡ್ಡಿನಲ್ಲಿ ಈ ಸಂಖ್ಯೆಗಳಿಗೆ ಅಂತಲೇ ಸಮಯ, ಹುದ್ದೆ, ಸ್ಕಾಲರ್‌ಶಿಪ್ ಇಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಉಪಕರಣ ಕೊಳ್ಳಲು ದುಡ್ಡು ಸಿಗುತ್ತದೆ. ಕೊಂಡದ್ದರಲ್ಲಿ ಏನು ಸೋರುತ್ತಿದೆ ಅಂತ ಕೂತು ನೋಡುವ ಹುಡುಗಿಗೆ ಆರು ತಿಂಗಳು ಸಿಗುವುದು ಕಷ್ಟ. ಇದು ನನ್ನ ಪಂಪಿನ ಕೆಲಸದಲ್ಲಿ ನಾನು ದಿನಾ ಕಾಣುವುದು ಕೂಡ.

ಮೊನ್ನೆ ಭಾನುವಾರ ಅವಳು ಎರಡನೇ ಗ್ರಾಫ್ ತಂದಿದ್ದಳು. ಅರ್ಧದಷ್ಟೇ ದಟ್ಟ ಮೋಡದಿಂದ ಶುರುಮಾಡಿದ್ದಳು. ಶುರುವಿನ ಬಾಗು ಹೆಚ್ಚುಕಮ್ಮಿ ಅರ್ಧವಾಗಿತ್ತು, ಕೊನೆಯ ನೆಟ್ಟನೆಯ ಭಾಗದ ಇಳಿತ ಎರಡರಲ್ಲೂ ಒಂದೇ. "ನಿಮ್ಮ ಪಂಪ್ ಬಚಾವ್ ಆತು ಮಾಮಾ" ಅಂದಳು. ಈಗ ಅವಳು ಮೋಡದ ಅಗಲವನ್ನು ಎರಡನೇ ಕ್ಯಾಮೆರಾದಿಂದ ಪಕ್ಕದಿಂದಲೂ ಅಳೆಯಬೇಕು ಅಂತಿದ್ದಾಳೆ. ಅದಕ್ಕೆ ಡಬ್ಬಿಯಲ್ಲಿ ಇನ್ನೊಂದು ಕಿಟಕಿ ಖಾಲಿ ಇದೆಯಾ ಅಂತ ನೋಡಲು ಶನಿವಾರ ನಾನೂ ಹೋಗುತ್ತಿದ್ದೇನೆ.